ಆಮ್ಲಪಿತ್ತವೂ ಎದೆಯುರಿಯೂ: ಔಷಧಗಳ ಚರಿತ್ರೆಯಲ್ಲಿ ಒಂದು ಶಬ್ದವಿಚಾರ

೧

ಬೆಂಗಳೂರಿನ ಉತ್ತರದಲ್ಲಿ, ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಮಾರ್ಗದಲ್ಲಿ ರಾಜಾನುಕುಂಟೆ ಎಂಬ ಊರು ಇದೆ. ಕುಂಟೆಯೆಂದರೆ ಕೆರೆಗಿಂತ ಚಿಕ್ಕದಾದ ನೀರಿನ ತಾಣ. ಮಳೆಯ ನೀರನ್ನು ಹಿಡಿದಿಟ್ಟುಕೊಂಡು ರಾಗಿ, ಹುರುಳಿ, ಅವರೆಗಳನ್ನು ಬೆಳೆಯುತ್ತ ಬಂದ ಬಯಲುಸೀಮೆಯ ಲಕ್ಷಣವು ಊರಿನ ಹೆಸರಿನಲ್ಲಿಯೇ ಉಳಿದಿರುತ್ತದೆ. ಈ ಊರಿನ ಸುತ್ತಣ ಪ್ರದೇಶದಲ್ಲಿ ವೈದ್ಯಚರಿತ್ರೆಯ ಎರಡು ಯುಗಗಳು ಪರಸ್ಪರ ನೆರೆಹೊರೆಯವರಾಗಿ ನೆಲೆಸಿದುವು. ಯಲಹಂಕದ ಬಳಿಯ ಜಾರಕಬಂಡೆ ಕಾವಲಿನಲ್ಲಿ ದೇಶೀಯ ವೈದ್ಯದ ಮೂಲಿಕೆಗಳನ್ನೂ ಗ್ರಂಥಗಳನ್ನೂ ಸಂಗ್ರಹಿಸಿ ಪರಿಶೀಲಿಸುವ ಎಫ್.ಆರ್.ಎಲ್.ಎಚ್.ಟಿ. ಎಂಬ ಸಂಸ್ಥೆಯಿದೆ. ಅತ್ತ ಬಳ್ಳಾರಿ ರಸ್ತೆಯ ಕಟ್ಟಿಗೇನಹಳ್ಳಿಯಲ್ಲಿ, ೧೯೭೯ರಲ್ಲಿ ಆಸ್ಟ್ರಾ-ಐಡಿಎಲ್ ಎಂಬ ಹೆಸರಿನಿಂದ ಹುಟ್ಟಿ ಮುಂದೆ ಆಸ್ಟ್ರಾಜೆನೆಕಾ ಎನಿಸಿಕೊಂಡ ಸಂಸ್ಥೆಯು ಔಷಧದ ಕಾರ್ಖಾನೆಯನ್ನು ನಡೆಸಿತು. ಸ್ವೀಡನ್ ದೇಶದ ಆಸ್ಟ್ರಾ ಕಂಪನಿಯೇ ಎದೆಯುರಿಯ ಚಿಕಿತ್ಸೆಯಲ್ಲಿ ಮಹತ್ತಾದ ಮಾರ್ಪಾಡನ್ನುಂಟುಮಾಡಿದ ಒಮೆಪ್ರಜೋಲನ್ನು ೧೯೮೮ರಲ್ಲಿ ಬಳಕೆಗೆ ತಂದುದು. ಕಟ್ಟಿಗೇನಹಳ್ಳಿಯಲ್ಲಿ ಅದೇ ಔಷಧವು ತಯಾರಾಯಿತೆಂದು ಹೇಳುವುದು ಇಲ್ಲಿ ಉದ್ದೇಶವಲ್ಲ. ಒಂದೇ ವ್ಯಾಧಿಯನ್ನು ಕುರಿತ ಎರಡು ಬಗೆಯ ತಿಳಿವಳಿಕೆಗಳು ಒಂದೇ ಸೀಮೆಯಲ್ಲಿ ಸೇರಿದುವೆಂಬುದಷ್ಟೇ ಪ್ರಕೃತವಾದ ಸಂಗತಿ.

ಹೀಗೆ ಸೇರಿದಾಗ ಒಂದರ ಮಾತನ್ನು ಇನ್ನೊಂದರ ಮಾತಿನಿಂದ ವಿವರಿಸುವುದು ಸಹಜ. ‘ಆಮ್ಲಪಿತ್ತವೆಂದರೆ ಅಸಿಡಿಟಿ’, ‘ಅವಿಪತ್ತಿಕರ ಚೂರ್ಣವೆಂದರೆ ನಮ್ಮ ಪೂರ್ವಿಕರ ಆಮ್ಲನಾಶಕ’ ಎಂಬ ವಾಕ್ಯಗಳು ಈಗ ಔಷಧದ ಸೀಸೆಗಳ ಮೇಲೂ, ಸುಲಭವೈದ್ಯದ ಪುಸ್ತಕಗಳಲ್ಲಿಯೂ, ಕೆಲವೊಮ್ಮೆ ಪ್ರಾಚೀನ ವೈದ್ಯಗ್ರಂಥಗಳ ಶಬ್ದಾರ್ಥಗಳಲ್ಲಿಯೂ ಕಾಣುತ್ತವೆ. ಈ ಸಮೀಕರಣವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ. ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ವು ಹನ್ನೆರಡನೆಯ ಶತಮಾನದ್ದು, ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ಹದಿನಾಲ್ಕನೆಯದು, ಶ್ರೀಧರದೇವನ ‘ವೈದ್ಯಾಮೃತ’ವು ಕ್ರಿ. ಶ. ೧೫೦೦ರ ಸುಮಾರಿನದು, ಸಾಳ್ವನ ‘ವೈದ್ಯಸಾಂಗತ್ಯ’ವು ಅದಕ್ಕೂ ಈಚಿನದು. ಈ ಪರಂಪರೆಯನ್ನು ಓದುವವರಿಗೂ ಓದಿಸುವವರಿಗೂ ರೋಗನಾಮಗಳ ಅರ್ಥನಿರ್ಣಯವು ಅನಿವಾರ್ಯವಾದ ಕೆಲಸ. ಅರ್ಥವು ತಪ್ಪಿದರೆ ಕಾವ್ಯದಲ್ಲಿ ರಸಭಂಗವಾಗುತ್ತದೆ. ವೈದ್ಯದಲ್ಲಿ ದೇಹಕ್ಕೇ ಹಾನಿಯಾಗುವ ಸಂಭವವಿದೆ.

೨

ಮೊದಲು ಕನ್ನಡದ ಮಾತುಗಳನ್ನೇ ನೋಡೋಣ. ಈ ಬಾಧೆಗೆ ಜನರು ಇಟ್ಟುಕೊಂಡಿರುವ ಹೆಸರುಗಳು ಎದೆಯುರಿ, ಹುಳಿತೇಗು, ಪಿತ್ತ ಎಂಬುವು. ಇವುಗಳಲ್ಲಿ ಮೊದಲನೆಯದು ಬಾಧೆಯ ಸ್ಥಾನವನ್ನೂ ಅನುಭವವನ್ನೂ ಹೇಳುತ್ತದೆ. ಎರಡನೆಯದು ರುಚಿಯನ್ನೂ ಚಲನೆಯನ್ನೂ ಹೇಳುತ್ತದೆ. ಮೂರನೆಯದೊಂದೇ ಕಾರಣವನ್ನು ಹೇಳುವುದು, ಅದು ಶಾಸ್ತ್ರದಿಂದ ಬಂದ ಮಾತು. ಹೊಟ್ಟೆಯುರಿಯು ಕನ್ನಡದಲ್ಲಿ ಮತ್ಸರಕ್ಕೂ ಸಂಕಟಕ್ಕೂ ಸಲ್ಲುವಂತಾಗಿ, ದೇಹದ ಉರಿಯನ್ನು ಸೂಚಿಸುವ ಕೆಲಸವು ಬಹುಮಟ್ಟಿಗೆ ಎದೆಯುರಿಗೆ ಉಳಿಯಿತು. ‘ಪಿತ್ತ ನೆತ್ತಿಗೇರಿತು’ ಎಂಬ ನುಡಿಗಟ್ಟು ಇನ್ನೂ ಗಮನಾರ್ಹವಾದುದು. ಈಗ ಅದಕ್ಕೆ ಸೊಕ್ಕು, ಕೋಪ, ಬುದ್ಧಿಭ್ರಮೆ ಎಂಬ ಅರ್ಥಗಳಿದ್ದರೂ, ಪಿತ್ತವು ತನ್ನ ಎಡೆಯನ್ನು ಬಿಟ್ಟು ಮೇಲಕ್ಕೆ ಹೋಗುವುದೇ ವಿಕಾರವೆಂಬ ಭಾವನೆಯು ಅದರ ಬೇರಿನಲ್ಲಿದೆ. ಪಿತ್ತವು ಹೆಚ್ಚಿತೆಂಬುದಕ್ಕಿಂತ ಏರಿತೆಂಬುದು ಇಲ್ಲಿ ಮುಖ್ಯ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಶಾಸ್ತ್ರಗ್ರಂಥಗಳ ಕಡೆಗೆ ತಿರುಗಬೇಕು.

ಚರಕಸಂಹಿತೆಯಲ್ಲಿ ಆಮ್ಲಪಿತ್ತಕ್ಕೆ ಪ್ರತ್ಯೇಕವಾದ ಅಧ್ಯಾಯವಿಲ್ಲ. ಗ್ರಹಣೀಚಿಕಿತ್ಸೆಯ ಪ್ರಕರಣದಲ್ಲಿ, ಜೀರ್ಣವಾಗದೆ ವಿಷಪ್ರಾಯವಾದ ಅನ್ನವು ಪಿತ್ತದೊಡನೆ ಕೂಡಿದಾಗ ಉಂಟಾಗುವ ಬಾಧೆಗಳ ಪಟ್ಟಿಯಲ್ಲಿ ಅದರ ಹೆಸರು ಬರುತ್ತದೆ. ಸುಶ್ರುತಸಂಹಿತೆಯು ಅಜೀರ್ಣದ ಭೇದಗಳಲ್ಲಿ ‘ವಿದಗ್ಧ’ವೆಂಬುದನ್ನು ಹೇಳುತ್ತದೆ, ಹುಳಿತೇಗು, ಬಾಯಾರಿಕೆ, ಉರಿಗಳು ಅಲ್ಲಿಯೂ ಇವೆ. ಆಮ್ಲಪಿತ್ತವನ್ನು ಸ್ವತಂತ್ರವಾದ ರೋಗವೆಂದು ಎಣಿಸಿ ಲಕ್ಷಣ ಹೇಳಿದ ಗ್ರಂಥಗಳಲ್ಲಿ ಕಾಶ್ಯಪಸಂಹಿತೆಯ ಖಿಲಭಾಗವೂ ಮಾಧವಕರನ ನಿದಾನಗ್ರಂಥವೂ ಮುಖ್ಯವಾದುವು. ಮಾಧವನು ಏಳು ಎಂಟನೆಯ ಶತಮಾನಗಳವನೆಂದು ವಿದ್ವಾಂಸರು ಎಣಿಸುತ್ತಾರೆ. ಕಾಶ್ಯಪಸಂಹಿತೆಯಾದರೋ ನೇಪಾಳದಲ್ಲಿ ದೊರೆತ ಹಸ್ತಪ್ರತಿಯಿಂದ ೧೯೩೮ರಲ್ಲಿ ಅಚ್ಚಾಗಿ ಬೆಳಕಿಗೆ ಬಂದಿತು.

ಮಾಧವನು ಹೇಳುವ ಸಾಮಾನ್ಯಲಕ್ಷಣಗಳು ಅನ್ನವು ಪಚನವಾಗದಿರುವುದು, ಬಳಲಿಕೆ, ಓಕರಿಕೆ, ಕಹಿಯೂ ಹುಳಿಯೂ ಆದ ತೇಗು, ಮೈಭಾರ, ಎದೆಯಲ್ಲಿಯೂ ಕಂಠದಲ್ಲಿಯೂ ಉರಿ, ಅರುಚಿ. ಆ ಬಳಿಕ ಅವನು ರೋಗವನ್ನು ಊರ್ಧ್ವಗ, ಅಧೋಗ ಎಂದು ಎರಡಾಗಿ ವಿಭಾಗಿಸುತ್ತಾನೆ. ಮೇಲ್ಮುಖವಾದುದರಲ್ಲಿ ಹಸುರು, ಹಳದಿ, ನೀಲಿ ಮುಂತಾದ ಬಣ್ಣಗಳಿಂದ ಕೂಡಿದ ಅತ್ಯಂತ ಹುಳಿಯಾದ ವಾಂತಿಯಿರುತ್ತದೆ. ಕೆಳಮುಖವಾದುದರಲ್ಲಿ ಬಾಯಾರಿಕೆ, ಉರಿ, ಮೂರ್ಛೆಗಳು ಕಾಣಿಸಿಕೊಂಡು ಅದು ಅಧೋಮಾರ್ಗದಿಂದ ಹೋಗುತ್ತದೆ. ಈ ವಿವರಣೆಯಲ್ಲಿ ಇಂದಿನವರು ಎದೆಯುರಿಯೆನ್ನುವುದರ ಚಿತ್ರವು ಸ್ಪಷ್ಟವಾಗಿಯೇ ಇದೆ. ಆದರೆ ಅದರೊಡನೆ ಪಿತ್ತಮಿಶ್ರವಾದ ವಾಂತಿ, ಅತಿಸಾರದಂತಹ ಸ್ಥಿತಿ, ಜಠರದ ಹುಣ್ಣಿನ ಕೆಲವು ಚಿಹ್ನೆಗಳು ಎಲ್ಲವೂ ಒಂದೇ ಹೆಸರಿನಲ್ಲಿ ಅಡಗಿರುತ್ತವೆ. ಅಧೋಗ ಆಮ್ಲಪಿತ್ತಕ್ಕೆ ಇಂದಿನ ಎದೆಯುರಿಯಲ್ಲಿ ಪ್ರತಿರೂಪವೇ ಇಲ್ಲ. ಆದುದರಿಂದ ಎದೆಯುರಿಯು ಆಮ್ಲಪಿತ್ತದ ಒಂದು ಅಂಶವೆನ್ನಬಹುದೇ ಹೊರತು ಎರಡೂ ಒಂದೇ ಎನ್ನಲಾಗದು.

ಕಾಶ್ಯಪಸಂಹಿತೆಯು ಕಾರಣಗಳನ್ನು ಹೇಳುವಾಗ ಕಬ್ಬಿನ ಹಾಲಿನಿಂದಾದ ಪದಾರ್ಥಗಳು, ಹುರುಳಿ, ಹುರಿದ ಧಾನ್ಯ, ಅವಲಕ್ಕಿ ಇವುಗಳ ಅತಿಯಾದ ಬಳಕೆಯನ್ನು ಎಣಿಸುತ್ತದೆ. ಈ ರೋಗವು ಅನೂಪದೇಶದಲ್ಲಿ, ಎಂದರೆ ಜಲಸಮೃದ್ಧವಾದ ಜೌಗುಸೀಮೆಯಲ್ಲಿ, ಹೆಚ್ಚೆಂದೂ, ಔಷಧಗಳಿಂದ ಶಮನವಾಗದಿದ್ದರೆ ರೋಗಿಯು ಬೇರೊಂದು ದೇಶಕ್ಕೆ ಹೋಗಬೇಕೆಂದೂ ಅದರ ಅಭಿಪ್ರಾಯ. ಈ ಲೆಕ್ಕದಲ್ಲಿ ರಾಜಾನುಕುಂಟೆಯ ಒಣಬಯಲು ರೋಗಿಗೆ ಆಶ್ರಯವಾಗಬೇಕು; ಹುರುಳಿಯ ಹೊಲಗಳು ರೋಗಕ್ಕೆ ಕಾರಣವಾಗಬೇಕು! ಶಾಸ್ತ್ರವಾಕ್ಯವನ್ನು ದೇಶಕ್ಕೆ ಅನ್ವಯಿಸುವಾಗ ಇಂತಹ ಎಡವಟ್ಟು ಬರುವುದು ಸಹಜವೇ. ಆದರೂ ಆಹಾರವನ್ನೂ ವಾಸಸ್ಥಳವನ್ನೂ ಚಿಕಿತ್ಸೆಯ ಅಂಗವೆಂದೇ ಆ ಗ್ರಂಥಕಾರನು ಎಣಿಸಿದನೆಂಬುದು ಇದರಿಂದ ವಿದಿತವಾಗುತ್ತದೆ.

೩

ಇನ್ನು ಔಷಧಗಳ ವಿಚಾರ. ರೋಗದ ಕಲ್ಪನೆಯೇನೆಂಬುದು ಲಕ್ಷಣವಾಕ್ಯಗಳಿಗಿಂತಲೂ ಔಷಧಯೋಗದಿಂದ ಚೆನ್ನಾಗಿ ತಿಳಿಯುತ್ತದೆ. ಊರ್ಧ್ವಗವಾದುದನ್ನು ವಮನದಿಂದಲೂ ಅಧೋಗವಾದುದನ್ನು ವಿರೇಚನದಿಂದಲೂ ಹೊರಪಡಿಸಬೇಕೆಂಬುದು ಪೂರ್ವಿಕರ ಮತ. ರಕ್ತಪಿತ್ತದಲ್ಲಿ ದೋಷವು ಹೊರಟ ದಿಕ್ಕಿಗೆ ವಿರುದ್ಧವಾದ ಮಾರ್ಗದಿಂದ ಅದನ್ನು ತೆಗೆಯಬೇಕೆನ್ನುವ ವೈದ್ಯರು ಆಮ್ಲಪಿತ್ತದಲ್ಲಿ ದೋಷದ ದಾರಿಯನ್ನೇ ಅನುಸರಿಸಿದರು. ಎರಡು ಕಡೆಯಲ್ಲಿಯೂ ಅವರ ಚಿಂತೆಯು ದೋಷದ ಗತಿಯನ್ನು ಕುರಿತದ್ದೇ ಹೊರತು ಹುಳಿಯನ್ನು ಕೊಲ್ಲುವುದನ್ನು ಕುರಿತದ್ದಲ್ಲ.

ಅವಿಪತ್ತಿಕರ ಚೂರ್ಣವು ಇದಕ್ಕೆ ಒಳ್ಳೆಯ ನಿದರ್ಶನ. ಭೈಷಜ್ಯರತ್ನಾವಳಿಯ ಮೂಲಕ ಪ್ರಸಿದ್ಧವಾದ ಈ ಯೋಗದಲ್ಲಿ ಶುಂಠಿ, ಮೆಣಸು, ಹಿಪ್ಪಲಿ, ಅಳಲೆ, ತಾರೆ, ನೆಲ್ಲಿ, ತುಂಗೆಗಡ್ಡೆ, ಬಿಡಲವಣ, ವಾಯುವಿಡಂಗ, ಏಲಕ್ಕಿ, ಪತ್ರೆ ಎಂಬ ಹನ್ನೊಂದು ದ್ರವ್ಯಗಳು ಒಂದೊಂದು ಭಾಗ; ಲವಂಗವು ೧೧ ಭಾಗ; ತಿಗಡೆಯ ಬೇರು ೪೪ ಭಾಗ; ಸಕ್ಕರೆಯು ೬೬ ಭಾಗ. ಒಟ್ಟು ೧೩೨ ಭಾಗಗಳಲ್ಲಿ ಅರ್ಧವು ಸಕ್ಕರೆ, ಮೂರನೆಯ ಒಂದು ಪಾಲು ತಿಗಡೆ. ತಿಗಡೆಯು ಪ್ರಸಿದ್ಧವಾದ ವಿರೇಚನದ್ರವ್ಯ. ಹೀಗಿರುವಾಗ ಈ ಚೂರ್ಣವನ್ನು ಆಮ್ಲನಾಶಕವೆನ್ನುವುದು ಯೋಗದ ಪಾಠವನ್ನು ಓದದೆ ಹೇಳಿದ ಮಾತಾಗುತ್ತದೆ. ಅದು ಪ್ರಧಾನವಾಗಿ ಸಿಹಿಯಲ್ಲಿ ಕಲಸಿದ ವಿರೇಚನ. ಉಳಿದ ದ್ರವ್ಯಗಳು ಅಗ್ನಿಯನ್ನು ಸರಿಪಡಿಸಲು ಕೂಡಿಸಿದುವು.

ನೆಲ್ಲಿಕಾಯಿಯ ಉದಾಹರಣೆಯು ಇನ್ನೂ ನಿರ್ಣಾಯಕವಾದುದು. ಆಮ್ಲಪಿತ್ತದಲ್ಲಿ ಆಮಲಕಿಯು ಹಿತವೆಂದು ವೈದ್ಯರೆಲ್ಲರೂ ಒಪ್ಪುತ್ತಾರೆ. ಆದರೆ ರಸಾಯನಶಾಸ್ತ್ರದ ದೃಷ್ಟಿಯಿಂದ ನೆಲ್ಲಿಯ ರಸವು ಆಮ್ಲವೇ. ಅದು ಜಠರದ ಹುಳಿಯನ್ನು ಶಮನಮಾಡುವ ಕ್ಷಾರವಲ್ಲ. ಪೂರ್ವಿಕರು ಅದನ್ನು ಕೊಟ್ಟುದು ರಸದಲ್ಲಿ ಹುಳಿಯಾದರೂ ವೀರ್ಯದಲ್ಲಿ ಶೀತ, ವಿಪಾಕದಲ್ಲಿ ಮಧುರ ಎಂಬ ಕಾರಣದಿಂದ. ಇಲ್ಲಿಯೇ ಶಬ್ದದ ತೊಡಕು ಗೋಚರವಾಗುತ್ತದೆ. ಆಯುರ್ವೇದದಲ್ಲಿ ‘ಅಮ್ಲ’ವೆಂಬುದು ಆರು ರಸಗಳಲ್ಲಿ ಒಂದು, ನಾಲಗೆಯಿಂದ ತಿಳಿಯತಕ್ಕ ಗುಣ. ನಮ್ಮ ವಿಜ್ಞಾನದ ಪಾಠಪುಸ್ತಕಗಳಲ್ಲಿ ‘ಆಮ್ಲ’ವೆಂಬುದು ಒಂದು ದ್ರವ್ಯವರ್ಗ, ಪ್ರತ್ಯಾಮ್ಲದೊಡನೆ ಕೂಡಿ ಲವಣವನ್ನೂ ನೀರನ್ನೂ ಉಂಟುಮಾಡತಕ್ಕದ್ದು. ಪಾಶ್ಚಾತ್ಯ ಶಾಸ್ತ್ರವನ್ನು ಕನ್ನಡಕ್ಕೆ ತರುವಾಗ ಹಳೆಯ ಶಬ್ದವನ್ನು ಹೊಸ ಅರ್ಥಕ್ಕೆ ಎತ್ತಿಕೊಂಡರು. ಅದು ಯೋಗ್ಯವಾದ ಕಾರ್ಯವೇ. ಆದರೆ ಅದರ ಫಲವಾಗಿ ಆಮ್ಲಪಿತ್ತದಲ್ಲಿರುವ ಆಮ್ಲವೂ ಹೈಡ್ರೋಕ್ಲೋರಿಕ್ ಆಮ್ಲದಲ್ಲಿರುವ ಆಮ್ಲವೂ ಒಂದೇ ಎಂಬ ಭ್ರಮೆಯು ಓದುಗರಿಗೆ ಸುಲಭವಾಗಿ ಉಂಟಾಗುತ್ತದೆ.

ಹಾಗಾದರೆ ಪೂರ್ವಿಕರ ಔಷಧಗಳಲ್ಲಿ ಹುಳಿಯನ್ನು ನಿಜವಾಗಿ ಮುರಿಯುವ ದ್ರವ್ಯಗಳು ಇರಲಿಲ್ಲವೆ ಎಂದರೆ, ಇದ್ದುವು. ಶಂಖಭಸ್ಮ, ಕವಡೆಯ ಭಸ್ಮ, ಮುತ್ತಿನ ಚಿಪ್ಪಿನ ಭಸ್ಮ, ಹವಳದ ಭಸ್ಮ ಇವೆಲ್ಲವೂ ಸುಣ್ಣದ ಜಾತಿಗೆ ಸೇರಿದುವು. ಶಂಖವನ್ನು ಸುಟ್ಟರೆ ಸುಣ್ಣವಾಗುತ್ತದೆ; ಅದು ಜಠರದ ಆಮ್ಲವನ್ನು ಶಮನಗೊಳಿಸುವುದರಲ್ಲಿ ಸಂಶಯವಿಲ್ಲ. ಆದರೆ ಇವು ರಸಶಾಸ್ತ್ರವು ಬೆಳೆದ ಕಾಲದಲ್ಲಿ ವಿಶೇಷವಾಗಿ ಪ್ರಚಾರಕ್ಕೆ ಬಂದುವು. ಶಂಖವಟಿಯಂತಹ ಯೋಗಗಳನ್ನು ಅಗ್ನಿಮಾಂದ್ಯ, ಅಜೀರ್ಣ, ಶೂಲೆಗಳಿಗೆ ವಿಧಿಸಿದ್ದಾರೆ. ಕ್ಷಾರವು ತೀಕ್ಷ್ಣ, ಉಷ್ಣ, ಅಗ್ನಿಯನ್ನು ಹೊತ್ತಿಸತಕ್ಕದ್ದು ಎಂಬುದು ಅವರ ಸಿದ್ಧಾಂತ. ಇಂದಿನ ರಸಾಯನಶಾಸ್ತ್ರಜ್ಞನು ಆರಿಸುವ ದ್ರವ್ಯವೆಂದು ಯಾವುದನ್ನು ಕರೆಯುತ್ತಾನೆಯೋ ಅದನ್ನೇ ಅವರು ಉರಿಸುವ ದ್ರವ್ಯವೆಂದು ಕರೆದರು! ಕೆಲಸವು ಒಂದೇ ಆಗಿದ್ದರೂ ಕಾರಣಕಲ್ಪನೆಯು ಬೇರೆ. ಕ್ಷಾರದ ಅತಿಸೇವನೆಯನ್ನು ಚರಕಸಂಹಿತೆಯ ವಿಮಾನಸ್ಥಾನವು ಸ್ಪಷ್ಟವಾಗಿ ನಿಷೇಧಿಸಿ, ಅದರಿಂದ ಕೂದಲು, ಕಣ್ಣು, ಹೃದಯ, ಪುಂಸ್ತ್ವಗಳಿಗೆ ಹಾನಿಯೆಂದು ಹೇಳಿದೆ. ಈ ಎಚ್ಚರಿಕೆಯನ್ನು ಮುಂದಿನ ಭಾಗದಲ್ಲಿ ನೆನೆಯಬೇಕಾಗುತ್ತದೆ.

೪

ಪಾಶ್ಚಾತ್ಯ ದೇಶಗಳಲ್ಲಿ ಜಠರದ ಹುಳಿಯು ಯಾವ ದ್ರವ್ಯವೆಂಬುದು ೧೮೨೪ರವರೆಗೂ ನಿಶ್ಚಯವಾಗಿರಲಿಲ್ಲ. ಆ ವರ್ಷ ಲಂಡನ್ನಿನ ವಿಲಿಯಂ ಪ್ರೌಟ್ ಅದು ಹೈಡ್ರೋಕ್ಲೋರಿಕ್ ಆಮ್ಲವೆಂದು ತೋರಿಸಿದನು. ಗುಂಡೇಟಿನಿಂದ ಹೊಟ್ಟೆಯಲ್ಲಿ ರಂಧ್ರವುಳಿದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬವನ ಜಠರವನ್ನು ಪ್ರತ್ಯಕ್ಷವಾಗಿ ಪರೀಕ್ಷಿಸಿ ಅಮೆರಿಕದ ವಿಲಿಯಂ ಬೋಮಾಂಟ್ ತನ್ನ ಗ್ರಂಥವನ್ನು ೧೮೩೩ರಲ್ಲಿ ಪ್ರಕಟಿಸಿದನು. ಇಲ್ಲಿಂದ ಮುಂದೆ ಸುಮಾರು ನೂರು ವರ್ಷಗಳ ಚಿಕಿತ್ಸೆಯು ಒಂದೇ ತತ್ತ್ವವನ್ನು ಹಿಡಿಯಿತು: ಆಮ್ಲವಿದ್ದರೆ ಕ್ಷಾರವನ್ನು ಕೊಡು. ಮೆಗ್ನೀಸಿಯದ ಹಾಲು, ಸೀಮೆಸುಣ್ಣ, ಅಡಿಗೆಯ ಸೋಡಾ, ಈನೋ ಎಂಬ ನೊರೆಯುಪ್ಪು ಎಲ್ಲವೂ ಈ ತತ್ತ್ವದ ಸಂತತಿಯೇ. ಸೋಡಾವು ಆಮ್ಲದೊಡನೆ ಕೂಡಿದಾಗ ಇಂಗಾಲಾಮ್ಲವಾಯು ಹೊರಟು ತೇಗು ಬರುತ್ತದೆ. ತೇಗು ಬಂದೊಡನೆ ‘ವಾಯು ಹೋಯಿತು, ಹಗುರವಾಯಿತು’ ಎನ್ನುವ ರೋಗಿಯು ಔಷಧವೇ ಹುಟ್ಟಿಸಿದ ವಾಯುವನ್ನು ರೋಗವೆಂದು ಎಣಿಸುತ್ತಾನೆ. ನಮ್ಮ ಮನೆಗಳಲ್ಲಿ ಈ ಔಷಧವು ಬೇಗನೆ ಬೇರೂರಲು ಹಳೆಯ ವಾಯುಕಲ್ಪನೆಯೇ ನೆರವಾಯಿತೆಂದು ತೋರುತ್ತದೆ.

೧೯೧೫ರಲ್ಲಿ ಷಿಕಾಗೋ ನಗರದ ಸಿಪ್ಪಿ ಎಂಬ ವೈದ್ಯನು ಜಠರದ ಹುಣ್ಣಿಗೆ ಗಂಟೆಗಂಟೆಗೂ ಹಾಲನ್ನೂ ಕ್ಷಾರವನ್ನೂ ಕೊಡುವ ಪದ್ಧತಿಯನ್ನು ಪ್ರಚಾರಪಡಿಸಿದನು. ೧೯೨೩ರಲ್ಲಿ ಹಾರ್ಟ್ ಮತ್ತು ರಿವರ್ಸ್ ಎಂಬವರು ಈ ಚಿಕಿತ್ಸೆಯನ್ನು ಪಡೆದ ಕೆಲವರಲ್ಲಿ ಕ್ಷಾರವು ಮಿತಿಮೀರಿ ವಿಷಲಕ್ಷಣಗಳು ಕಾಣಿಸಿದುದನ್ನು ವಿವರಿಸಿದರು. ಸುಣ್ಣವೂ ಹಾಲೂ ಅತಿಯಾದರೆ ಮೂತ್ರಪಿಂಡಗಳು ಕೆಡುತ್ತವೆಯೆಂಬುದು ಈಗ ಸಿದ್ಧವಾದ ವಿಷಯ. ಕ್ಷಾರದ ಅತಿಯನ್ನು ಕುರಿತ ಚರಕಸಂಹಿತೆಯ ನಿಷೇಧಕ್ಕೂ ಇದಕ್ಕೂ ಕಾರಣವಿವರಣೆಯಲ್ಲಿ ಸಂಬಂಧವಿಲ್ಲ. ಆದರೆ ದೀರ್ಘಕಾಲದ ಅವಲೋಕನದಿಂದ ಬಂದ ವಿವೇಕವು ಎರಡರಲ್ಲಿಯೂ ಇದೆ.

ಈ ನೂರು ವರ್ಷಗಳಲ್ಲಿ ಒಂದು ಮುಖ್ಯ ಪ್ರಶ್ನೆಯು ಹಿಂದೆ ಬಿದ್ದಿತು. ಆಮ್ಲವು ಜಠರದಲ್ಲಿರುವುದು ಸ್ವಭಾವ. ಅದು ಎದೆಯವರೆಗೆ ಬರುವುದೇಕೆ? ೧೯೩೫ರಲ್ಲಿ ನ್ಯೂಯಾರ್ಕಿನ ವಿಂಕಲ್‌ಸ್ಟೈನ್ ಅನ್ನನಾಳದ ಉರಿಯೂತಕ್ಕೆ ಜಠರರಸವು ಹಿಮ್ಮುಖವಾಗಿ ಬರುವುದೇ ಕಾರಣವೆಂದು ಸೂಚಿಸಿದನು. ಇಂಗ್ಲೆಂಡಿನ ಆಲಿಸನ್ ಅದನ್ನು ೧೯೪೦ರ ದಶಕದಲ್ಲಿ ಸ್ಥಿರಪಡಿಸಿದನು. ೧೯೫೬ರಲ್ಲಿ ಅನ್ನನಾಳದ ಕೆಳತುದಿಯಲ್ಲಿ ಒತ್ತಡದ ಒಂದು ಬಿಗಿಯುಂಗುರವಿದೆಯೆಂಬುದನ್ನು ಅಳೆದು ತೋರಿಸಿದರು. ಅದೇ ವರ್ಷ ನಿಸ್ಸೆನ್ ಎಂಬ ಶಸ್ತ್ರವೈದ್ಯನು ಜಠರದ ಮೇಲ್ಭಾಗವನ್ನು ಅನ್ನನಾಳಕ್ಕೆ ಸುತ್ತಿ ಹೊಲಿಯುವ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದನು. ಆಮ್ಲದ ಪ್ರಮಾಣಕ್ಕಿಂತ ಅದು ಹೋದ ದಾರಿಯೇ ದೋಷವೆಂಬ ಮಾತು ಹೀಗೆ ಪುನಃ ಮುಂದೆ ಬಂದಿತು. ಊರ್ಧ್ವಗವೆಂಬ ಹಳೆಯ ವಿಶೇಷಣವನ್ನು ಬಲ್ಲವರಿಗೆ ಇದು ಕುತೂಹಲದ ಸಂಗತಿ. ಹಾಗೆಂದು ಬಿಗಿಯುಂಗುರದ ಜ್ಞಾನವು ಮಾಧವನಿಗಿದ್ದಿತೆನ್ನಲಾಗದು. ಅವನು ಕಂಡುದು ಗತಿಯನ್ನು, ಯಂತ್ರವನ್ನಲ್ಲ.

೫

ಔಷಧದಲ್ಲಿ ದೊಡ್ಡ ಪರಿವರ್ತನವು ೧೯೭೦ರ ದಶಕದಲ್ಲಿ ಆಯಿತು. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಮತ್ತು ಸಹೋದ್ಯೋಗಿಗಳು, ಹಿಸ್ಟಮಿನ್ ಎಂಬ ದ್ರವ್ಯವು ಜಠರದ ಕಣಗಳಿಗೆ ಆಮ್ಲವನ್ನು ಸ್ರವಿಸುವಂತೆ ಮಾಡುವ ಪ್ರೇರಣೆಯನ್ನೇ ತಡೆಯುವ ಸಿಮೆಟಿಡಿನನ್ನು ರೂಪಿಸಿದರು. ಅದು ೧೯೭೬ರಲ್ಲಿ ಮಾರುಕಟ್ಟೆಗೆ ಬಂದಿತು. ೧೯೮೧ರಲ್ಲಿ ರಾನಿಟಿಡಿನ್ ಬಂದಿತು. ೧೯೮೮ರಲ್ಲಿ ಬ್ಲ್ಯಾಕನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಅದೇ ವರ್ಷ ಒಮೆಪ್ರಜೋಲ್ ಪ್ರಕಟವಾಯಿತು. ಇದು ಪ್ರೇರಣೆಯನ್ನು ತಡೆಯುವುದಿಲ್ಲ; ಆಮ್ಲವನ್ನು ಹೊರಕ್ಕೆ ನೂಕುವ ಪಂಪನ್ನೇ ನಿಲ್ಲಿಸುತ್ತದೆ. ಈ ಔಷಧವು ಆಮ್ಲದ ಸಂಪರ್ಕದಿಂದಲೇ ಕಾರ್ಯಕಾರಿಯಾಗುತ್ತದೆ. ಆದುದರಿಂದಲೇ, ಪಂಪುಗಳು ಎಚ್ಚರಗೊಳ್ಳುವ ಊಟದ ವೇಳೆಗೆ ಅರ್ಧ ಗಂಟೆ ಮುಂಚೆ ಅದನ್ನು ಸೇವಿಸತಕ್ಕದ್ದು.

ಭಾರತದಲ್ಲಿ ಈ ಔಷಧಗಳು ಬಡವನಿಗೂ ಎಟುಕುವಂತಾದುದಕ್ಕೆ ೧೯೭೦ರ ಪೇಟೆಂಟ್ ಕಾಯಿದೆಯು ಮುಖ್ಯ ಕಾರಣ. ಅದರಂತೆ ಔಷಧದ ತಯಾರಿಕೆಯ ವಿಧಾನಕ್ಕೆ ಮಾತ್ರ ಹಕ್ಕುಂಟು, ಔಷಧಕ್ಕೆ ಇಲ್ಲ; ಬೇರೊಂದು ವಿಧಾನದಿಂದ ಅದನ್ನೇ ತಯಾರಿಸಲು ಇಲ್ಲಿನ ಕಾರ್ಖಾನೆಗಳಿಗೆ ಅವಕಾಶವಾಯಿತು. ೨೦೦೫ರಲ್ಲಿ ಈ ಸ್ಥಿತಿಯು ಬದಲಾಯಿತು. ಅಷ್ಟರಲ್ಲಿ ರಾನಿಟಿಡಿನ್, ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳು ಹಳ್ಳಿಯ ಅಂಗಡಿಗಳಲ್ಲಿಯೂ ಪರಿಚಿತವಾಗಿದ್ದುವು. ಇವುಗಳ ಚರಿತ್ರೆಯೂ ನಿಷ್ಕಂಟಕವಲ್ಲ. ರಾನಿಟಿಡಿನ್‌ನಲ್ಲಿ ಕ್ಯಾನ್ಸರಿಗೆ ಕಾರಣವಾಗಬಹುದಾದ ಕಲ್ಮಷವು ೨೦೧೯ರಲ್ಲಿ ಕಂಡುಬಂದು, ೨೦೨೦ರಲ್ಲಿ ಅಮೆರಿಕವು ಅದನ್ನು ಮಾರುಕಟ್ಟೆಯಿಂದ ತೆಗೆಸಿತು. ೨೦೨೨ರ ಭಾರತದ ಆವಶ್ಯಕ ಔಷಧಗಳ ಪಟ್ಟಿಯಿಂದಲೂ ಅದು ಹೊರಬಿದ್ದಿತು. ಪಂಪನ್ನು ತಡೆಯುವ ಔಷಧಗಳನ್ನು ದೀರ್ಘಕಾಲ ಸೇವಿಸಿ ಥಟ್ಟನೆ ಬಿಟ್ಟರೆ ಆಮ್ಲವು ಮೊದಲಿಗಿಂತ ಹೆಚ್ಚಾಗಿ ಸ್ರವಿಸುವುದುಂಟು. ಬಹುಕಾಲದ ಸೇವನೆಯಿಂದ ಕೆಲವರಲ್ಲಿ ಮೆಗ್ನೀಸಿಯವೂ ಬಿ೧೨ ಜೀವಸತ್ವವೂ ಕುಗ್ಗುತ್ತವೆ.

ಜೇಷ್ಠಮಧುವಿನ ಕಥೆಯು ಹಳತು ಹೊಸತುಗಳ ಸಂಬಂಧಕ್ಕೆ ಉಚಿತವಾದ ನಿದರ್ಶನ. ಯಷ್ಟಿಮಧುವೆಂದು ನಮ್ಮ ವೈದ್ಯರು ಪಿತ್ತಶಮನಕ್ಕೆ ಕೊಡುತ್ತಿದ್ದ ಈ ಬೇರಿನ ಗುಣವನ್ನು ೧೯೪೬ರಲ್ಲಿ ಹಾಲೆಂಡಿನ ರೆವರ್ಸ್ ಎಂಬ ವೈದ್ಯನು ಜಠರದ ಹುಣ್ಣಿನಲ್ಲಿ ಗಮನಿಸಿದನು. ಅದರ ಸಾರದಿಂದ ಬ್ರಿಟನ್ನಿನಲ್ಲಿ ಕಾರ್ಬೆನೊಕ್ಸೊಲೋನ್ ಎಂಬ ಔಷಧವು ಸಿದ್ಧವಾಗಿ ೧೯೬೦ರ ದಶಕದಲ್ಲಿ ಬಳಕೆಗೆ ಬಂದಿತು. ಅದು ಆಮ್ಲವನ್ನು ಮುರಿಯುವುದಲ್ಲ. ಜಠರದ ಒಳಪದರವನ್ನು ರಕ್ಷಿಸತಕ್ಕದ್ದು. ಆದರೆ ಮೈಯಲ್ಲಿ ನೀರು ನಿಲ್ಲುವುದು, ರಕ್ತದ ಒತ್ತಡವು ಏರುವುದು, ಪೊಟ್ಯಾಸಿಯವು ಇಳಿಯುವುದು ಎಂಬ ದೋಷಗಳು ಕಂಡುದರಿಂದ ಸಿಮೆಟಿಡಿನ್ ಬಂದಮೇಲೆ ಅದು ಹಿಂದೆ ಸರಿಯಿತು. ಹಳೆಯ ಮೂಲಿಕೆಗೆ ನಿಜವಾದ ಗುಣವುಂಟೆಂಬುದೂ, ಮೂಲಿಕೆಯಾದ ಮಾತ್ರಕ್ಕೆ ನಿರಪಾಯವಲ್ಲವೆಂಬುದೂ ಇದರಿಂದ ಒಟ್ಟಿಗೇ ಸಿದ್ಧವಾಗುತ್ತವೆ.

೬

ಈ ವಿಚಾರದಿಂದ ಬರುವ ಸಿದ್ಧಾಂತಗಳನ್ನು ಸಂಗ್ರಹಿಸಿ ಹೇಳುವುದಾದರೆ: ಆಮ್ಲಪಿತ್ತವೆಂಬುದು ಎದೆಯುರಿಗಿಂತ ವಿಶಾಲವಾದ ಸಂಜ್ಞೆ. ಅದರ ಔಷಧಗಳು ಬಹುತೇಕ ದೋಷವನ್ನು ಹೊರಹಾಕುವುವೂ ಅಗ್ನಿಯನ್ನು ಸರಿಪಡಿಸುವುವೂ ಆಗಿದ್ದುವು. ಆಮ್ಲವನ್ನು ಮುರಿಯುವ ಭಸ್ಮಗಳು ಇದ್ದರೂ ಅವನ್ನು ಬೇರೆ ಕಾರಣದಿಂದ ಕೊಟ್ಟರು. ‘ಆಮ್ಲ’ವೆಂಬ ಒಂದೇ ಶಬ್ದವು ರಸಕ್ಕೂ ದ್ರವ್ಯಕ್ಕೂ ಸಲ್ಲುವುದರಿಂದ ಎರಡು ಶಾಸ್ತ್ರಗಳೂ ಒಂದನ್ನೇ ಹೇಳುವಂತೆ ತೋರುತ್ತದೆ.

ಈ ಭೇದವು ಕೇವಲ ಪಂಡಿತರ ವಿನೋದವಲ್ಲ. ಊರ್ಧ್ವಗ ಆಮ್ಲಪಿತ್ತವೆಂದರೆ ಜಠರರಸದ ಹಿಮ್ಮುಖಗತಿಯೆಂದು ಶಬ್ದಾರ್ಥದಲ್ಲಿ ಬರೆದರೆ, ಅದಕ್ಕೆ ವಿಧಿಸಿದ ವಮನವೂ ಆ ರೋಗಕ್ಕೆ ಚಿಕಿತ್ಸೆಯೆಂದು ಓದುಗನು ತಿಳಿಯುತ್ತಾನೆ. ಆಮ್ಲದಿಂದ ಮೊದಲೇ ಹುಣ್ಣಾದ ಅನ್ನನಾಳದ ಮೂಲಕ ಪುನಃ ಆಮ್ಲವನ್ನು ಹಾಯಿಸುವುದು ಅಪಾಯಕರ. ಹಾಗೆಯೇ ಎದೆಯುರಿಯೆಂಬ ಜನರ ಮಾತಿನಲ್ಲಿ ಜಠರದ ಬಾಧೆಯೂ ಹೃದಯಾಘಾತದ ಮುನ್ಸೂಚನೆಯೂ ಸಮನಾಗಿ ಅಡಗಬಲ್ಲುವು. ಬೆವರು, ಏದುಸಿರು, ತೋಳಿಗೋ ದವಡೆಗೋ ಹಬ್ಬುವ ನೋವು ಇದ್ದಾಗ ಅದನ್ನು ಪಿತ್ತವೆಂದು ಜೀರಿಗೆಯ ಕಷಾಯವನ್ನು ಕುಡಿದು ಕುಳಿತವನು ಶಬ್ದದಿಂದಲೇ ಮೋಸಹೋದಂತೆ. ನುಂಗಲು ಕಷ್ಟವಾಗುವುದು, ಮೈ ಇಳಿಯುವುದು, ಮಲವು ಕಪ್ಪಾಗುವುದು ಇವುಗಳಿಗೂ ಇದೇ ಮಾತು ಸಲ್ಲುತ್ತದೆ.

ಆದುದರಿಂದ ಪ್ರಾಚೀನ ವೈದ್ಯಗ್ರಂಥಗಳನ್ನು ಸಂಪಾದಿಸುವವರು ರೋಗನಾಮಕ್ಕೆ ಇಂದಿನ ಒಂದು ಹೆಸರನ್ನು ಎದುರಿಗೆ ಬರೆದು ತೃಪ್ತರಾಗದೆ, ಗ್ರಂಥವು ಹೇಳುವ ಲಕ್ಷಣಗಳನ್ನೂ ಔಷಧದ ಪ್ರಮಾಣಗಳನ್ನೂ ಕೊಟ್ಟು, ಅವುಗಳಲ್ಲಿ ಯಾವುವು ಇಂದಿನ ಯಾವ ರೋಗಗಳಿಗೆ ಹೊಂದುತ್ತವೆಯೆಂಬುದನ್ನು ಬೇರೆಯಾಗಿ ಸೂಚಿಸುವುದು ಲೇಸು. ಪಾಠವನ್ನು ಹೇಳುವ ಅಧ್ಯಾಪಕರಿಗೂ ಇದೇ ಕ್ರಮವು ಅನುಕೂಲ. ಪೂರ್ವಿಕರು ತಮ್ಮ ಕಣ್ಣಿನಿಂದ ಕಂಡುದನ್ನು ಅವರ ಮಾತಿನಲ್ಲಿಯೇ ಓದಿದರೆ ಅವರ ಅವಲೋಕನದ ಸೂಕ್ಷ್ಮತೆಯು ತಾನಾಗಿ ಬೆಳಗುತ್ತದೆ. ನಾವು ಇಂದು ಬಲ್ಲುದನ್ನೆಲ್ಲ ಅವರ ಬಾಯಿಂದ ಹೇಳಿಸಹೋದರೆ, ಅವರು ನಿಜವಾಗಿ ಹೇಳಿದುದು ಮರೆಯಾಗುತ್ತದೆ.